ಕಾಳುಮೆಣಸಿಗೆ ಹಿಪ್ಪಲಿ ಬೇರು: ಮೊದಲು ನೀರು ನೋಡಿ, ಆಮೇಲೆ ಕಸಿ ಕಟ್ಟಿ

ಸೊರಗು ರೋಗಕ್ಕೆ ಕಾಳುಮೆಣಸಿನ ಬಳ್ಳಿ ಬುಡ ಕೊಳೆತು ಸಾಯುವ ತೋಟಗಳಲ್ಲಿ ಬ್ರೆಜಿಲ್ ಹಿಪ್ಪಲಿಯ ಮೇಲೆ ಕಟ್ಟಿದ ಕಸಿ ಗಿಡ ದೊಡ್ಡ ಆಸರೆ. ರೋಗ ತರುವ ಫೈಟಾಫ್ಥೊರಾ ರೋಗಾಣುವಿಗೂ ಬೇರಿನ ಜಂತುಹುಳುವಿಗೂ ಈ ಬೇರು ಬಗ್ಗುವುದಿಲ್ಲ. ಆದರೆ ಇದು ದಕ್ಷಿಣ ಅಮೆರಿಕದ ಜೌಗು ನೆಲದ ಗಿಡ. ಬೇಸಿಗೆಯಲ್ಲಿ ನೀರು ತಪ್ಪಿದರೆ ಬದುಕದು. ವರ್ಷವಿಡೀ ತೇವ ಇರುವ ಅಡಿಕೆ ತೋಟಕ್ಕೆ ಹಿಪ್ಪಲಿ ಕಸಿ ಸರಿ. ನೀರು ಹಾಯದ ಗುಡ್ಡಕ್ಕೆ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ರೋಗ ತಾಳುವ ಐಐಎಸ್‌ಆರ್ ಶಕ್ತಿ, ಐಐಎಸ್‌ಆರ್ ತೇವಂ ತಳಿಗಳ ಸ್ವಂತ ಬೇರಿನ ಗಿಡವೇ ಮೇಲು.

ಔಷಧಿಗೆ ಬೆಳೆಯುವ ಊರ ಹಿಪ್ಪಲಿ ನೆಲದಲ್ಲಿ ಹಬ್ಬುವ ತೆಳು ಬಳ್ಳಿ, ಈ ಕಸಿಗೆ ಆಗದು. ಬ್ರೆಜಿಲ್ ಹಿಪ್ಪಲಿ ನೆಟ್ಟಗೆ ನಿಲ್ಲುತ್ತದೆ, ಗಿಣ್ಣು ಊದಿಕೊಂಡಿರುತ್ತದೆ. ಅದರ ಎರಡು ಮೂರು ಗಿಣ್ಣಿನ ತುಂಡುಗಳನ್ನು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ 2:1:1 ಬೆರೆಸಿ ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಊರಿ. ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಂದಾಗ ಕಸಿಗೆ ಸಿದ್ಧ.

ಇನ್ನು ಮೇಲೆ ಕೂರಿಸುವ ಮೆಣಸಿನ ಕಡ್ಡಿ. ಪೊದೆ ಮೆಣಸು ಬೇಕಿದ್ದರೆ ಕಾಳು ಕಟ್ಟುವ ಅಡ್ಡಕವಲು ತನ್ನಿ. ಮರಕ್ಕೆ ಹಬ್ಬಿಸಲು ಹಂಬು, ಅಂದರೆ ಬುಡದಿಂದ ಹೊರಟು ನೆಲದಲ್ಲಿ ಹರಿಯುವ ಬಳ್ಳಿ ತನ್ನಿ. ಇಲ್ಲಿ ಅದಲುಬದಲಾದರೆ ಆಮೇಲೆ ಸರಿಪಡಿಸಲಾಗದು. ಕುಡಿಯ ಎಳಸು ಭಾಗ ಬೇಡ, ಕೊಳೆಯುತ್ತದೆ.

ಹಿಪ್ಪಲಿಯನ್ನು ಮಣ್ಣಿನಿಂದ ಸುಮಾರು ಒಂದಡಿ ಎತ್ತರದಲ್ಲಿ, ಎರಡು ಗಿಣ್ಣುಗಳ ನಡುವೆ ಕತ್ತರಿಸಿ. ನಡುವೆ 3–4 ಸೆಂ.ಮೀ. ಸೀಳಿ. ಎರಡು ಮೂರು ಗಿಣ್ಣಿನ ಮೆಣಸಿನ ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಬೆಣೆಯಂತೆ ಎರಡೂ ಬದಿ ಒಂದೇ ಎಳೆತದಲ್ಲಿ ಕೆತ್ತಿ ಸೇರಿಸಿ. ಕೆತ್ತಿದ ಮೈ ಅಂಕುಡೊಂಕಾದರೆ ಒಳಗೆ ಗಾಳಿ ನಿಂತು ಕಪ್ಪಾಗುತ್ತದೆ. ಕಡ್ಡಿ ತೆಳುವಾಗಿದ್ದರೆ ನಡುವೆ ಇಡದೆ, ಒಂದು ಬದಿಯ ತೊಗಟೆಗೆ ತೊಗಟೆ ತಾಗಿಸಿ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಮೇಲೆ ಕವರ್ ಹಾಕಿ ನೆರಳಿನಲ್ಲಿಡಿ. ಚಿಗುರಿದ ಮೇಲೆ ಕವರನ್ನು ಒಮ್ಮೆಲೇ ತೆಗೆಯಬೇಡಿ, ಬಾಯಿ ಸಡಿಲಿಸಿ ಹೊರಗಿನ ಗಾಳಿಗೆ ಒಗ್ಗಿಸಿ.

ಹಿಪ್ಪಲಿಯದೇ ಚಿಗುರು ಬುಡದಿಂದ ಬರುತ್ತಲೇ ಇರುತ್ತದೆ. ಚಿವುಟದಿದ್ದರೆ ಮೆಣಸು ಸೊರಗುತ್ತದೆ. ನೆಡುವಾಗ ಕಸಿಗಂಟು ನೆಲಕ್ಕಿಂತ ಮೇಲಿರಲಿ, ಬುಡಕ್ಕೆ ಮಣ್ಣು ಏರಿಸಬೇಡಿ. ಮೆಣಸಿನ ಒಂದು ಗಿಣ್ಣು ಮಣ್ಣು ಮುಟ್ಟಿ ಬೇರು ಬಿಟ್ಟರೂ ರೋಗಕ್ಕೆ ಅದೇ ದಾರಿ. ಮಳೆಹನಿ ಸಿಡಿದು ಎಲೆಗೂ ರೋಗ ತಗಲುವುದರಿಂದ ಶೇ. 1ರ ಬೋರ್ಡೊ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಸಿಂಪಡಣೆ ಕಸಿ ಗಿಡಕ್ಕೂ ಬೇಕು. ಕೆಲವು ಗಿಡಗಳು ವರ್ಷಗಳ ನಂತರ ಗಂಟಿನಲ್ಲಿ ಬಿರಿದು ಸಾಯುವುದುಂಟು. ಎರಡು ಜಾತಿಗಳ ಕಾಂಡ ಒಂದೇ ಸಮ ದಪ್ಪವಾಗದಿರುವುದು ಇದಕ್ಕೊಂದು ಕಾರಣ. ಆದ್ದರಿಂದ ಇಡೀ ತೋಟವನ್ನು ಕಸಿ ಗಿಡಗಳಿಂದಲೇ ತುಂಬಿಸದೆ, ಬಳ್ಳಿ ಸಾಯುವ ತಗ್ಗಿನ ಜಾಗಗಳಿಗಷ್ಟೇ ಮೊದಲು ಹಾಕಿ.