ತೆಗೆದ ಕಂಪನಿಗೇ ಮತ್ತೆ ಅರ್ಜಿ ಹಾಕಿದ್ದು

ಆ ಮೇಲ್ ಬಂದಿದ್ದು 2023ರ ಅಕ್ಟೋಬರ್‌ನಲ್ಲಿ. ಕಳಿಸಿದವರ ಹೆಸರಿನ ಪಕ್ಕ ಹಳೆಯ ಕಂಪನಿಯ ಹೆಸರು ನೋಡಿದ ಕೂಡಲೇ ಕೈ ತಣ್ಣಗಾಯಿತು. ಇನ್ನೇನಾದರೂ ವಾಪಸ್ ಕೊಡುವುದು ಬಾಕಿ ಇದೆಯಾ ಅನ್ನೋದೇ ಮೊದಲು ಬಂದ ಯೋಚನೆ. ತೆರೆದು ಓದಿದೆ. ಹೊಸ ಹುದ್ದೆಗಳು ತೆರೆದಿವೆ, ಹಿಂದೆ ನಮ್ಮ ಜೊತೆ ಕೆಲಸ ಮಾಡಿದವರು ಮತ್ತೆ ಅರ್ಜಿ ಹಾಕಬೇಕು ಎಂದು ಕೋರುತ್ತೇವೆ ಅಂತ ಇತ್ತು.

ಅದಕ್ಕೆ ಒಂಬತ್ತು ತಿಂಗಳ ಹಿಂದೆ ಅದೇ ಕಂಪನಿ ನನ್ನನ್ನು ತೆಗೆದಿತ್ತು. ಬಿಲ್ಲಿಂಗ್ ಸಿಸ್ಟಮ್ ನೋಡಿಕೊಳ್ಳುವ ಟೀಮ್‌ನಲ್ಲಿ ಆರು ವರ್ಷ ಇದ್ದೆ. ಒಂದು ಬೆಳಿಗ್ಗೆ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ತಪ್ಪು ಹಾಕುತ್ತಿದ್ದೇನೆ ಅಂದುಕೊಂಡು ಮೂರು ಸಲ ಪ್ರಯತ್ನಿಸಿದೆ. ಆಮೇಲೆ ನನ್ನ ಸ್ವಂತ ಮೇಲ್ ನೋಡಿದರೆ ಪತ್ರ ಬಂದು ಕೂತಿತ್ತು. ಟೀಮ್‌ನವರಿಗೆ ಹೋಗಿ ಬರ್ತೀನಿ ಅಂತ ಹೇಳುವುದಕ್ಕೂ ಆಗಲಿಲ್ಲ. ಆ ನೋವು ಇನ್ನೂ ಆರಿರಲಿಲ್ಲ. ಹಾಗಾಗಿ ಆ ದಿನ ಮೇಲ್‌ಗೆ ಉತ್ತರ ಬರೆಯಲಿಲ್ಲ. ಒಂದು ವಾರ ಹಾಗೇ ಬಿಟ್ಟೆ. ಇವತ್ತಿಗೂ ಅದು ಸರಿಯಾದ ಕೆಲಸ ಅನಿಸುತ್ತದೆ. ಸಿಟ್ಟಿನಲ್ಲಿ ಬರೆದಿದ್ದರೆ ಒಂದು ಥರ, ಆಸೆಯಲ್ಲಿ ಬರೆದಿದ್ದರೆ ಇನ್ನೊಂದು ಥರ. ಎರಡೂ ಬೇಡವಾಗಿತ್ತು.

ಒಂದು ವಾರದ ನಂತರ ತಲೆ ತಣ್ಣಗಾದ ಮೇಲೆ ಓದಿದಾಗ ಒಂದು ಮಾತು ಕಣ್ಣಿಗೆ ಬಿತ್ತು. ‘ಬನ್ನಿ’ ಅಂತ ಎಲ್ಲೂ ಇರಲಿಲ್ಲ. ‘ಅರ್ಜಿ ಹಾಕಿ’ ಅಂತ ಇತ್ತು. ಹಳೆಯ ಸಹೋದ್ಯೋಗಿಗಳ ಗುಂಪಿನಲ್ಲಿ ಕೇಳಿದೆ. ಸುಮಾರು ಜನಕ್ಕೆ ಅದೇ ಮೇಲ್ ಬಂದಿತ್ತು. ಹೆಸರು ಮಾತ್ರ ಬೇರೆ. ಅಂದರೆ ಅದು ಕ್ಷಮೆ ಅಲ್ಲ, ಕೆಲಸದ ಭರವಸೆಯೂ ಅಲ್ಲ. ಹೊಸಬರ ಸಾಲಿನಲ್ಲಿ ನಿಲ್ಲಿ, ನಿಮ್ಮ ಮುಖ ನಮಗೆ ಗೊತ್ತು ಅಂತ ಹೇಳಿದ ಹಾಗೆ, ಅಷ್ಟೇ. ಇದು ಅರ್ಥವಾದ ಮೇಲೆ ಮನಸ್ಸು ಹಗುರಾಯಿತು. ಹೊಸ ಕಂಪನಿಯೊಂದನ್ನು ಹೇಗೆ ತೂಗಿ ನೋಡುತ್ತೇನೋ ಇದನ್ನೂ ಹಾಗೇ ತೂಗಿದರಾಯಿತು, ಅಲ್ವಾ?

ಹೀಗೆ ವಾಪಸ್ ಕರೆಯುವುದು ನಮ್ಮ ಕಂಪನಿಯೊಂದರ ಕಥೆ ಅಲ್ಲ. ಫೇಸ್‌ಬುಕ್‌ನ ಒಡೆತನದ ಮೆಟಾ 2022ರ ನವೆಂಬರ್‌ನಲ್ಲಿ 11,000 ಜನರನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಹುದ್ದೆ ಕಡಿತ ಘೋಷಿಸಿದವು. ಟ್ವಿಟರ್ ಅರ್ಧದಷ್ಟು ಜನರನ್ನು ಕಳಿಸಿದ ಕೆಲವೇ ದಿನಗಳಲ್ಲಿ ಅವರಲ್ಲೇ ಕೆಲವರನ್ನು ವಾಪಸ್ ಕರೆಯಿತು ಅಂತ ಸುದ್ದಿಯಾಗಿತ್ತು. ಸೇಲ್ಸ್‌ಫೋರ್ಸ್ ಅನ್ನೋ ಸಾಫ್ಟ್‌ವೇರ್ ಕಂಪನಿ 2023ರ ಜನವರಿಯಲ್ಲಿ ಸುಮಾರು ನೂರಕ್ಕೆ ಹತ್ತು ಜನರನ್ನು ತೆಗೆಯುವುದಾಗಿ ಹೇಳಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 3,300 ಜನರನ್ನು ಸೇರಿಸಿಕೊಳ್ಳುತ್ತೇವೆ, ಹಿಂದೆ ಬಿಟ್ಟುಹೋದವರೂ ಬರಲಿ ಅಂದಿತು. ಹೀಗೆ ಮರಳಿ ಬರುವವರಿಗೆ ಎಚ್‌ಆರ್ ಭಾಷೆಯಲ್ಲಿ ‘ಬೂಮರಾಂಗ್’ ಅನ್ನೋ ಹೆಸರೇ ಇದೆ.

ಯಾಕೆ ಹೀಗಾಗುತ್ತದೆ? ನಾನು ಒಳಗಿನಿಂದ ನೋಡಿದ್ದು ಇಷ್ಟು. ಯಾರನ್ನು ತೆಗೆಯಬೇಕು ಅನ್ನೋ ಪಟ್ಟಿ ಮೇಲಿನಿಂದ ಬರುತ್ತದೆ. ಟೀಮಿಗೆ ಇಷ್ಟು ಖರ್ಚು, ಇಷ್ಟು ತಲೆ ಅನ್ನೋ ಲೆಕ್ಕ. ಯಾವ ಕೋಡ್ ಯಾರ ತಲೆಯಲ್ಲಿದೆ ಅನ್ನೋದು ಆ ಪಟ್ಟಿಯಲ್ಲಿ ಇರುವುದಿಲ್ಲ. ಆರು ತಿಂಗಳಾದ ಮೇಲೆ ಆ ಸಿಸ್ಟಮ್ ಕೈಕೊಡುತ್ತದೆ. ಹೊಸಬರಿಗೆ ಅದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು. ಆಗ ಹಳಬರ ನೆನಪಾಗುತ್ತದೆ.

ಉತ್ತರ ಬರೆಯುವ ಮೊದಲು ಹಳೆಯ ಕಾಗದ ಹುಡುಕಿ ತೆಗೆದೆ. ಕೆಲಸದಿಂದ ತೆಗೆಯುವಾಗ ಸಹಿ ಮಾಡಿಸಿಕೊಂಡ ಒಪ್ಪಂದ. ಆವತ್ತು ಓದುವ ಮನಸ್ಥಿತಿ ಇರಲಿಲ್ಲ, ಸಹಿ ಹಾಕಿದ್ದೆ. ಈಗ ಸಾಲು ಸಾಲಾಗಿ ಓದಿದೆ. ನನಗೆ ಆರು ತಿಂಗಳ ಸಂಬಳ ಪರಿಹಾರವಾಗಿ ಕೊಟ್ಟಿದ್ದರು. ಆ ಆರು ತಿಂಗಳೊಳಗೆ ಕಂಪನಿಗೆ ಮತ್ತೆ ಸೇರಿದರೆ ಉಳಿದ ತಿಂಗಳ ಹಣ ವಾಪಸ್ ಕೊಡಬೇಕು ಅಂತ ಒಂದು ಷರತ್ತು ಇತ್ತು. ನನ್ನ ಅವಧಿ ಮುಗಿದಿತ್ತು. ಆದರೆ ಒಬ್ಬ ಗೆಳೆಯನನ್ನು ತಡವಾಗಿ ತೆಗೆದಿದ್ದರು, ಅವನಿಗೆ ಇನ್ನೂ ಎರಡು ತಿಂಗಳು ಬಾಕಿ. ಅವನು ಈ ಷರತ್ತನ್ನು ಗಮನಿಸಿಯೇ ಇರಲಿಲ್ಲ. ಹೇಳಿದ ಮೇಲೆ ಸೇರುವ ದಿನಾಂಕವನ್ನೇ ಮುಂದಕ್ಕೆ ಹಾಕಿಸಿಕೊಂಡ. ನಿಮಗೂ ಇಂಥ ಮೇಲ್ ಬಂದಿದ್ದರೆ ಮೊದಲು ಆ ಕಾಗದ ತೆಗೆಯಿರಿ. ಮಿಕ್ಕಿದ್ದೆಲ್ಲ ಆಮೇಲೆ.

ನಂತರ ಟೀಮ್‌ನಲ್ಲಿ ಉಳಿದಿದ್ದ ಒಬ್ಬರಿಗೆ ಫೋನ್ ಮಾಡಿದೆ. ನಾನು ಹೋದ ಮೇಲೆ ನಾವಿಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ. ನನಗೆ ಅವರ ಮೇಲೆ ಸಣ್ಣ ಮುನಿಸಿತ್ತು, ಒಂದು ಮೆಸೇಜ್ ಕೂಡ ಹಾಕಲಿಲ್ಲವಲ್ಲ ಅಂತ. ಅವರು ಫೋನ್ ಎತ್ತಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ನಾನು ಉಳಿದೆ, ನೀವು ಹೋದಿರಿ. ಯಾವ ಮುಖ ಇಟ್ಟುಕೊಂಡು ಮಾತಾಡಲಿ?" ಅಂದರು. ಉಳಿದವರ ಕಷ್ಟ ಏನು ಅಂತ ನಾನು ಯೋಚಿಸಿಯೇ ಇರಲಿಲ್ಲ. ಎಂಟು ಜನ ಮಾಡುತ್ತಿದ್ದ ಕೆಲಸ ಮೂವರ ಮೇಲೆ ಬಿದ್ದಿತ್ತು. ರಾತ್ರಿ ಹಗಲು ಸಿಸ್ಟಮ್ ಕೆಟ್ಟರೆ ಎದ್ದು ನೋಡಬೇಕಾದ ಆನ್-ಕಾಲ್ ಸರದಿ ಎಂಟು ವಾರಕ್ಕೊಮ್ಮೆ ಬರುತ್ತಿದ್ದದ್ದು ಮೂರು ವಾರಕ್ಕೊಮ್ಮೆ ಬರುತ್ತಿತ್ತು. ಮ್ಯಾನೇಜರ್ ಬದಲಾಗಿದ್ದರು. ಆ ಒಂದು ಗಂಟೆಯ ಮಾತಿನಲ್ಲಿ ನನಗೆ ತಿಳಿದದ್ದು ಯಾವ ಎಚ್‌ಆರ್ ಕಾಲ್‌ನಲ್ಲೂ ತಿಳಿಯಲಿಲ್ಲ. ನಮ್ಮ ಮುನಿಸೂ ಹೋಯಿತು.

ಅರ್ಜಿ ಹಾಕಿದೆ. ವೆಬ್‌ಸೈಟಿನಲ್ಲಿ ಎಲ್ಲವನ್ನೂ ಹೊಸದಾಗಿ ತುಂಬಬೇಕಿತ್ತು. ಯಾಕೆ ಕೆಲಸ ಬಿಟ್ಟಿರಿ ಅನ್ನೋ ಜಾಗದಲ್ಲಿ ‘ಹುದ್ದೆ ರದ್ದಾಯಿತು’ ಅಂತ ಎರಡೇ ಪದ ಬರೆದೆ. ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ.

ಇಂಟರ್‌ವ್ಯೂ ನಾಲ್ಕು ಸುತ್ತು. ಕೋಡಿಂಗ್ ಸುತ್ತು ಬೇಡ, ನನ್ನ ಆರು ವರ್ಷದ ಕೆಲಸ ನಿಮ್ಮ ಹತ್ತಿರವೇ ಇದೆಯಲ್ಲ ಅಂತ ಕೇಳಿದೆ. ಎರಡಿದ್ದದ್ದನ್ನು ಒಂದು ಮಾಡಿದರು. ಮೂರು ವಾರ ಕೂತು ತಯಾರಿ ಮಾಡಿದೆ. ಒಳಗಿನವರಾಗಿದ್ದೆವು ಅನ್ನೋ ಧೈರ್ಯದಲ್ಲಿ ಸುಮ್ನೆ ಹೋದವರು ನಮ್ಮ ಗುಂಪಿನಲ್ಲೇ ಇಬ್ಬರು ಮೊದಲ ಸುತ್ತಿನಲ್ಲೇ ಹೊರಬಿದ್ದರು. ನಾನೂ ಒಂದು ತಪ್ಪು ಮಾಡಿದೆ. ಸಿಸ್ಟಮ್ ಹೇಗೆ ಕಟ್ಟಬೇಕು ಅಂತ ಕೇಳುವ ಡಿಸೈನ್ ಸುತ್ತಿನಲ್ಲಿ ಹಳೆಯ ಸಿಸ್ಟಮ್ ಬಗ್ಗೆ ‘ನಾವು ಹೀಗೆ ಮಾಡುತ್ತೇವೆ’ ಅಂತಲೇ ಮಾತಾಡುತ್ತಾ ಹೋದೆ. ಆ ಭಾಗವನ್ನು ಆಗಲೇ ಬದಲಿಸಿದ್ದರಂತೆ. ಒಂಬತ್ತು ತಿಂಗಳು ಜಾಸ್ತಿ ಸಮಯವೇ. ಅಲ್ಲಿಂದ ಮುಂದೆ, "ನಾನಿದ್ದಾಗ ಹೀಗಿತ್ತು, ಈಗ ಹೇಗಿದೆ?" ಅಂತ ಕೇಳತೊಡಗಿದೆ. ಮಾತುಕತೆ ಚೆನ್ನಾಗಿ ಸಾಗಿತು.

ಕೊನೆಯ ಸುತ್ತಿನಲ್ಲಿ ಹೊಸ ಮ್ಯಾನೇಜರ್, ಯಾಕೆ ವಾಪಸ್ ಬರಬೇಕು ಅನಿಸಿತು ಅಂತ ಕೇಳಿದರು. ಈ ಕೆಲಸ ನನಗೆ ಇಷ್ಟ, ಚೆನ್ನಾಗಿ ಮಾಡಬಲ್ಲೆ ಅಂದೆ. ಆಮೇಲೆ ನಾನೂ ಕೇಳಿದೆ. "ಜನವರಿಯಲ್ಲಿ ಬೇಡವಾಗಿದ್ದ ಹುದ್ದೆ ಅಕ್ಟೋಬರ್‌ನಲ್ಲಿ ಯಾಕೆ ಬೇಕಾಯಿತು? ಮುಂದಿನ ವರ್ಷದ ಬಜೆಟ್‌ನಲ್ಲಿ ಇದು ಇದೆಯಾ?" ಅವರು ಸ್ವಲ್ಪ ಯೋಚಿಸಿ ಹೇಳಿದರು: "ಈ ವರ್ಷಕ್ಕೂ ಮುಂದಿನ ವರ್ಷಕ್ಕೂ ಹಣ ಇದೆ. ಅದರಾಚೆಗೆ ನಾನು ಗ್ಯಾರಂಟಿ ಕೊಡೋಕೆ ಆಗಲ್ಲ." ಏನೂ ಆಗಲ್ಲ, ಧೈರ್ಯವಾಗಿ ಬನ್ನಿ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಈ ಉತ್ತರದಿಂದಲೇ ಮನಸ್ಸು ಅರ್ಧ ಒಪ್ಪಿತು.

ಆಫರ್ ಬಂತು. ಹಳೆಯ ಸಂಬಳವೇ, ಆದರೆ ಲೆವೆಲ್ ಒಂದು ಮೆಟ್ಟಿಲು ಕೆಳಗೆ. ಇಲ್ಲಿ ಹತ್ತು ದಿನ ಎಳೆದಾಡಿದೆ. ಲೆವೆಲ್ ಬಗ್ಗೆ ನನಗೆ ಹಟವೇ ಇತ್ತು, ಯಾಕೆಂದರೆ ಮುಂದಿನ ಬಡ್ತಿ, ಸಂಬಳ ಎಲ್ಲ ಅದರ ಮೇಲೆಯೇ ನಿಲ್ಲುತ್ತದೆ. ಅದನ್ನು ಸರಿ ಮಾಡಿದರು. ಪ್ರೊಬೇಷನ್ ತೆಗೆದರು. ಸಂಬಳದ ಜೊತೆ ಕಂತುಗಳಲ್ಲಿ ಕೊಡುವ ಕಂಪನಿ ಷೇರಿನ ವಿಷಯದಲ್ಲಿ ಮಾತ್ರ ಸೋತೆ. ಹೋಗುವಾಗ ಕೈಗೆ ಬಾರದೆ ಉಳಿದ ಷೇರುಗಳು ಹೋದವು. ಹೊಸದಾಗಿ ಕೊಟ್ಟದ್ದರಲ್ಲಿ ಮೊದಲ ಕಂತಿಗೆ ಒಂದು ವರ್ಷ ಕಾಯಬೇಕು.

ನಾನು ತುಂಬ ತಲೆ ಕೆಡಿಸಿಕೊಂಡದ್ದು ಹಳೆಯ ಸೇವೆಯ ಬಗ್ಗೆ. ಮತ್ತೆ ತೆಗೆದರೆ ಪರಿಹಾರದ ಲೆಕ್ಕ ಎಲ್ಲಿಂದ ಶುರು? ಆರು ವರ್ಷ ಸೇರುತ್ತದಾ, ಇಲ್ಲಾ ಸೊನ್ನೆಯಿಂದಾ? ಸೊನ್ನೆಯಿಂದ ಅಂದರೆ ಮುಂದಿನ ಸಲ ಪಟ್ಟಿ ಮಾಡುವಾಗ ಅತಿ ಕಡಿಮೆ ಖರ್ಚಿನಲ್ಲಿ ತೆಗೆಯಬಹುದಾದವರು ನಾವೇ ಆಗುತ್ತೇವೆ. ಫೋನಿನಲ್ಲಿ ರಿಕ್ರೂಟರ್, "ಅದೆಲ್ಲ ಸೇರುತ್ತೆ, ಚಿಂತೆ ಬೇಡ" ಅಂದರು. ಇದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ ಅಂತ ಕೇಳಿದೆ. ಎರಡು ದಿನ ಬಿಟ್ಟು ಬಂದ ಉತ್ತರದಲ್ಲಿ ರಜೆಯ ಲೆಕ್ಕಕ್ಕೆ ಮಾತ್ರ ಹಳೆಯ ಸೇವೆ ಸೇರುತ್ತದೆ, ಪರಿಹಾರಕ್ಕಿಲ್ಲ ಅಂತ ಇತ್ತು. ರಿಕ್ರೂಟರ್ ಸುಳ್ಳು ಹೇಳಿದರು ಅಂತ ನನಗನಿಸುವುದಿಲ್ಲ, ಅವರಿಗೂ ಗೊತ್ತಿರಲಿಲ್ಲ. ಬಾಯಿಮಾತು ನಂಬಿ ಸೇರಿದ್ದರೆ ಕಷ್ಟ ಮಾತ್ರ ನನ್ನದೇ ಆಗುತ್ತಿತ್ತು. ಮತ್ತೆ ಕೂತು ಮಾತಾಡಿ, ಮೊದಲ ಎರಡು ವರ್ಷದಲ್ಲಿ ಹುದ್ದೆ ರದ್ದಾದರೆ ಕನಿಷ್ಠ ಮೂರು ತಿಂಗಳ ಸಂಬಳ ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಂಡೆ. ಕೇಳಿದರೆ ಆಫರ್ ಕೈತಪ್ಪುತ್ತದೆ ಅನ್ನೋ ಭಯ ಇತ್ತು. ತಪ್ಪಲಿಲ್ಲ. ಅವರಿಗೆ ಆ ಟೀಮ್‌ಗೆ ಜನ ಬೇಕಿತ್ತು, ಅದು ನನಗೆ ಆ ಫೋನ್ ಕಾಲ್‌ನಿಂದ ಗೊತ್ತಿತ್ತು.

ನಮ್ಮ ಗುಂಪಿನಲ್ಲಿ ಒಬ್ಬರು ಅರ್ಜಿಯನ್ನೇ ಹಾಕಲಿಲ್ಲ. ಕಂಪನಿಯ ಲೋಗೋ ಕಂಡರೆ ಇವತ್ತಿಗೂ ರಾತ್ರಿ ನಿದ್ದೆ ಬರಲ್ಲ ಅಂದರು. ಅವರು ಮಾಡಿದ್ದು ಸರಿ. ಆಫರ್‌ನಲ್ಲಿ ಎಷ್ಟೇ ಹಣ ಇದ್ದರೂ ದಿನಾ ಬೆಳಿಗ್ಗೆ ಲಾಗಿನ್ ಆಗುವ ಮುನ್ನ ಎದೆ ಡವಗುಟ್ಟುವುದಾದರೆ ಯಾಕೆ ಬೇಕು? ನನಗೂ ಮೊದಲ ತಿಂಗಳು ಹಾಗೇ ಆಗುತ್ತಿತ್ತು. ಪಾಸ್‌ವರ್ಡ್ ಒತ್ತಿ ಪರದೆ ತೆರೆಯುವವರೆಗೆ ಉಸಿರು ಬಿಗಿ ಹಿಡಿದಿರುತ್ತಿದ್ದೆ. ಮೆಲ್ಲಗೆ ಕಡಿಮೆಯಾಯಿತು. ರೆಸ್ಯೂಮೆಯನ್ನು ಮೂರು ತಿಂಗಳಿಗೊಮ್ಮೆ ತಿದ್ದುವ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಸೇರಿದ ಎರಡನೇ ದಿನ ಬಿಲ್ಲಿಂಗ್ ಸಿಸ್ಟಮ್ ಕೆಟ್ಟರೆ ಏನು ಮಾಡಬೇಕು ಅನ್ನೋ ಹಳೆಯ ಕೈಪಿಡಿ ತೆರೆದೆ. ನಾನೇ ಬರೆದದ್ದು. ‘ಯಾರನ್ನು ಸಂಪರ್ಕಿಸಬೇಕು’ ಅನ್ನೋ ಕಡೆ ಇನ್ನೂ ನನ್ನ ಒಬ್ಬರ ಹೆಸರೇ ಇತ್ತು. ನಾನಿಲ್ಲದ ಆ ತಿಂಗಳುಗಳಲ್ಲಿ ಮಧ್ಯರಾತ್ರಿ ಅದನ್ನು ತೆರೆದವರು ಯಾರಿಗೆ ಫೋನ್ ಮಾಡಿರಬಹುದು? ಟೀಮ್‌ನ ಇನ್ನಿಬ್ಬರನ್ನು ಕೂರಿಸಿಕೊಂಡು ನನ್ನ ತಲೆಯಲ್ಲಿ ಮಾತ್ರ ಇದ್ದ ವಿಷಯಗಳನ್ನೆಲ್ಲ ಬರೆಯತೊಡಗಿದೆ. ಮುಗಿಯಲು ಮೂರು ವಾರ ಹಿಡಿಯಿತು. ಈಗ ಆ ಜಾಗದಲ್ಲಿ ಮೂರು ಹೆಸರುಗಳಿವೆ.