ಪತ್ತಿನ ಸಂಘದ ಲೆಕ್ಕ ಹೊಸ ಸಾಫ್ಟ್‌ವೇರಿಗೆ: ಯಾವ ಹಾದಿ, ಯಾವ ದಿನ

ವಿಜಯಪುರದಲ್ಲಿ ಕೇಂದ್ರ ಕಚೇರಿ, ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಶಾಖೆಗಳು. ಇಂಥ ಪತ್ತಿನ ಸಹಕಾರಿ ಸಂಘವೊಂದು ಹಳೆಯ ಸಾಫ್ಟ್‌ವೇರ್ ಬಿಡಬೇಕಾದರೆ ನಾಲ್ಕು ಹಾದಿಗಳಿವೆ: ಒಂದೇ ದಿನ ಎಲ್ಲ ಬದಲಿಸುವುದು, ಹಳೆಯದು ಹೊಸದು ಎರಡನ್ನೂ ಜೊತೆಗೆ ನಡೆಸುವುದು, ವಿಭಾಗವಾರು ಬದಲಿಸುವುದು, ಮೊದಲು ಒಂದು ಶಾಖೆಯಲ್ಲಿ ನಡೆಸಿ ನೋಡುವುದು.

ವಿಭಾಗವಾರು ಹಾದಿ ಪತ್ತಿನ ಸಂಘಕ್ಕೆ ಒಗ್ಗದು. ಪಿಗ್ಮಿ (ಏಜೆಂಟರು ದಿನವೂ ಸಂಗ್ರಹಿಸುವ ಉಳಿತಾಯ) ಹಣ ಸಾಲಕ್ಕೆ ಜಮಾ ಆಗುತ್ತದೆ, ಠೇವಣಿಯ ಮೇಲೆ ಸಾಲ ಹೋಗುತ್ತದೆ. ಪಿಗ್ಮಿ ಹೊಸದರಲ್ಲಿ, ಸಾಲ ಹಳೆಯದರಲ್ಲಿ ಉಳಿದರೆ ದಿನದ ಕಿರ್ದಿ (ದಿನದ ಲೆಕ್ಕದ ಪುಸ್ತಕ) ಮುಚ್ಚುವುದೇ ಕಷ್ಟ. ಒಂದು ಶಾಖೆಯಿಂದ ಶುರುಮಾಡಿ, ಅಲ್ಲಿ ಒಂದು ತಿಂಗಳು ಎರಡನ್ನೂ ಜೊತೆಗೆ ನಡೆಸಿ, ಆಮೇಲೆ ಉಳಿದ ಶಾಖೆಗಳನ್ನು ಒಂದೊಂದಾಗಿ ತನ್ನಿ. ಮೊದಲ ಶಾಖೆ ತೀರ ಚಿಕ್ಕದಿರಬಾರದು. ಬಂಗಾರದ ಸಾಲ, ಪಿಗ್ಮಿ, ಕಂತಿನ ಸಾಲ ಎಲ್ಲವೂ ಇರಬೇಕು. ಎರಡನ್ನೂ ಜೊತೆಗೆ ನಡೆಸುವುದು ತಿಂಗಳಿಗಿಂತ ಕಡಿಮೆಯಾದರೆ ತಿಂಗಳ ಬಡ್ಡಿ ಹಾಕುವ ದಿನ ಪರೀಕ್ಷೆಗೆ ಸಿಗುವುದಿಲ್ಲ. ಬಹಳ ಎಳೆದರೆ ಬೇಸತ್ತ ಸಿಬ್ಬಂದಿ ಒಂದರ ಅಂಕಿಯನ್ನೇ ಇನ್ನೊಂದಕ್ಕೆ ನಕಲು ಮಾಡುತ್ತಾರೆ, ತಾಳೆ ನೋಡಿ ಉಪಯೋಗವಿಲ್ಲ.

ಮೊದಲ ಶಾಖೆಯಲ್ಲಿ ಶುರುಮಾಡುವ ದಿನ ಎಂದರೆ ಬಹಳ ಜನ ಏಪ್ರಿಲ್ 1 ಎನ್ನುತ್ತಾರೆ. ಆದರೆ ಮಾರ್ಚ್ ಕೊನೆಯಲ್ಲಿ ವಸೂಲಿ, ಸಾಲ ನವೀಕರಣದ ಗದ್ದಲ. ಅಕ್ಟೋಬರ್ 1 ಮೇಲು: ಸೆಪ್ಟೆಂಬರ್ 30ಕ್ಕೆ ಅರ್ಧ ವರ್ಷದ ಲೆಕ್ಕ ಮುಗಿದಿರುತ್ತದೆ, 2ನೇ ತಾರೀಕು ಗಾಂಧಿ ಜಯಂತಿಯ ರಜೆ, ತಾಳೆ ನೋಡಲು ಇಡೀ ದಿನ ಸಿಗುತ್ತದೆ.

ನಿಜವಾದ ಕೆಲಸ ಇರುವುದು ದತ್ತಾಂಶದಲ್ಲಿ. ಎಕ್ಸೆಲ್‌ನಲ್ಲಿ ತೆರೆದರೆ 00127 ಎಂಬ ಖಾತೆ ಸಂಖ್ಯೆ 127 ಆಗುತ್ತದೆ, ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ. 05/08 ಎಂಬ ದಿನಾಂಕ ಆಗಸ್ಟ್ 5 ಹೋಗಿ ಮೇ 8 ಆಗಬಹುದು, ಅವಧಿ ಠೇವಣಿಯ ಬಡ್ಡಿಯೆಲ್ಲ ತಪ್ಪುತ್ತದೆ. ಯುನಿಕೋಡ್ ಅಲ್ಲದ ನುಡಿ ಫಾಂಟಿನ ಹಳೆಯ ಹೆಸರುಗಳನ್ನು ಯುನಿಕೋಡ್‌ಗೆ ಪರಿವರ್ತಿಸಿದ ಮೇಲೂ ದುರ್ಗವ್ವ, ಪಾರ್ವತಿಯಂಥ ಅರ್ಕಾವತ್ತಿನ ಹೆಸರುಗಳನ್ನು ಕಣ್ಣಾರೆ ನೋಡಿ. ಸಾಲದಲ್ಲಿ ಅಸಲು, ಬಾಕಿ ಬಡ್ಡಿ, ದಂಡದ ಬಡ್ಡಿ ಬೇರೆ ಬೇರೆಯಾಗಿಯೇ ಬರಬೇಕು. ಒಟ್ಟು ಬಾಕಿಯನ್ನೇ ಅಸಲೆಂದು ತುಂಬಿದರೆ ಸದಸ್ಯನಿಗೆ ಬಡ್ಡಿಯ ಮೇಲೆ ಬಡ್ಡಿ ಬೀಳುತ್ತದೆ, ಇದು ಅನ್ಯಾಯ.

ಪಿಗ್ಮಿ, ಠೇವಣಿ, ಸಾಲ ಹೀಗೆ ಪ್ರತಿ ಲೆಕ್ಕ ಶೀರ್ಷಿಕೆಗೂ ಖಾತೆಗಳ ಸಂಖ್ಯೆ ಹಳೆಯದಕ್ಕೆ, ಒಟ್ಟು ಬಾಕಿ ತಾಳೆ ಪಟ್ಟಿಗೆ (ಎಲ್ಲ ಶೀರ್ಷಿಕೆಗಳ ಬಾಕಿಯ ಪಟ್ಟಿ) ಪೈಸೆ ಸಮೇತ ಕೂಡಬೇಕು. ವ್ಯತ್ಯಾಸ 9ರಿಂದ ಭಾಗವಾದರೆ ಮೊದಲು ಅಂಕಿ ಅದಲುಬದಲಾದದ್ದನ್ನು ಹುಡುಕಿ: 4,520 ಇದ್ದದ್ದು 4,250 ಆಗಿದ್ದರೆ ವ್ಯತ್ಯಾಸ 270. ಹಳೆಯ ಲೆಕ್ಕದಲ್ಲೇ ವ್ಯತ್ಯಾಸವಿದ್ದರೆ ಅಲ್ಲೇ ಬಗೆಹರಿಸಿ, ಹೊಸದಕ್ಕೆ ಹೊರಿಸಬೇಡಿ.

ಬದಲಾವಣೆಯ ಹಿಂದಿನ ಸಂಜೆ ಪಿಗ್ಮಿ ಏಜೆಂಟರು ಸಂಗ್ರಹ ನಮೂದಿಸುವ ಎಲ್ಲ ಯಂತ್ರಗಳ ಲೆಕ್ಕ ಇಳಿಸಿಕೊಂಡು, ಖಾಲಿ ಮಾಡಿ, ಹೊಸ ಖಾತೆ ಪಟ್ಟಿ ತುಂಬಿ. ಹಳೆಯ ಸಾಫ್ಟ್‌ವೇರಿಗೆ ಹಿಂದಿರುಗಬೇಕಾದರೆ ಯಾರು ಹೇಳಬೇಕು, ಎಷ್ಟು ಗಂಟೆಯೊಳಗೆ ಎಂಬುದನ್ನು ಆಡಳಿತ ಮಂಡಳಿ ಮೊದಲೇ ಠರಾವು ಮಾಡಲಿ. ಎರಡನ್ನೂ ಜೊತೆಗೆ ನಡೆಸುವುದು ಮುಗಿದ ಮೇಲೆ ಹಳೆಯ ಸಾಫ್ಟ್‌ವೇರನ್ನು ಲೆಕ್ಕ ಪರಿಶೋಧನೆ ಮುಗಿಯುವತನಕ ನೋಡಲು ಮಾತ್ರ ಇಟ್ಟುಕೊಳ್ಳಿ, ಅದರಲ್ಲಿ ನಮೂದು ಮಾಡುವ ಪಾಸ್‌ವರ್ಡ್‌ಗಳನ್ನೆಲ್ಲ ಜೊತೆ ನಡೆಸುವುದು ಮುಗಿದ ದಿನವೇ ರದ್ದು ಮಾಡಿ.