ಉಪ್ಪುನೀರು ಕುಡಿದ ಕಾರ್ಬುರೇಟರ್ ತೊಳೆಯುವುದು ಹೇಗೆ?

ಕರಾವಳಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಬೋಟ್ ಎಂಜಿನ್ ತರುತ್ತಾರೆ. ಸ್ಟಾರ್ಟ್ ಆಗದಿದ್ದರೆ ಮೈಸೂರಿನ ಬೈಕ್ ಗ್ಯಾರೇಜಿಗೆ ಹೊತ್ತೊಯ್ಯುತ್ತಾರೆ. ಅಲ್ಲಿ ಕಾರ್ಬುರೇಟರನ್ನು, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗವನ್ನು, ಪೆಟ್ರೋಲಿನಲ್ಲಿ ಅದ್ದಿ, ಒರೆಸಿ ಕೊಡುತ್ತಾರೆ. ಸ್ವಲ್ಪ ದಿನ ಓಡಿ ಮತ್ತೆ ನಿಲ್ಲುತ್ತದೆ. ಉಪ್ಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಅಷ್ಟೇ ವಿಷಯ. ಅದಕ್ಕೆ ನೀರೇ ಬೇಕು.

ಪೆಟ್ರೋಲ್ ಪೈಪ್ ಕಳಚಿ, ಕಾರ್ಬುರೇಟರ್ ಬಿಚ್ಚಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ತಿರುಗಿದ ಮೇಲೆ ತಳ ಮುಟ್ಟಿತು ಅಂತ ಬರೆದಿಡಿ. ಆಮೇಲೆ ಹೊರತೆಗೆಯಿರಿ. ಫ್ಲೋಟ್ (ಪೆಟ್ರೋಲಿನಲ್ಲಿ ತೇಲುವ ತುಂಡು), ನೀಡಲ್ (ಪೆಟ್ರೋಲ್ ಒಳಬರುವುದನ್ನು ತಡೆಯುವ ಮೊಳೆ), ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು), ರಬ್ಬರ್ ರಿಂಗ್ ಎಲ್ಲ ಬೇರೆ ಇಡಿ.

ಈಗ ತೊಳೆಯುವುದು. ಬಿಸಿನೀರಲ್ಲಿ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಲೋಹದ ಭಾಗಗಳನ್ನು ಅರ್ಧ ಗಂಟೆ ನೆನೆಸಿ. ನೀರು ಬದಲಿಸಿ ಮತ್ತೆ ನೆನೆಸಿ. ಮಂಡ್ಯ ಕಡೆ ಬೋರ್‌ವೆಲ್ ನೀರು ಗಡುಸಾಗಿದ್ದರೆ ಅದು ಬೇಡ. ಒಂದು ಉಪ್ಪು ತೆಗೆದು ಇನ್ನೊಂದು ತುಂಬಿದ ಹಾಗೆ. ಕಾವೇರಿ ನಲ್ಲಿ ನೀರು ಅಥವಾ ಫಿಲ್ಟರ್ ನೀರು ತೆಗೆದುಕೊಳ್ಳಿ. ಅಲ್ಯುಮಿನಿಯಂ ಮೇಲಿನ ಬಿಳಿ ಪುಡಿಯನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಹಿತ್ತಾಳೆ ಜೆಟ್ ಹಸಿರಾಗಿದೆ ಅಂತ ಎಲ್ಲವನ್ನೂ ಒಟ್ಟಿಗೆ ಹುಣಸೆಹುಳಿಯಲ್ಲಿ ನೆನೆಹಾಕುವವರಿದ್ದಾರೆ. ಹಿತ್ತಾಳೆ ಫಳಫಳ ಅನ್ನುತ್ತದೆ, ಅಲ್ಯುಮಿನಿಯಂ ಮಾತ್ರ ಹುಳಿಗೆ ಸವೆಯುತ್ತದೆ.

ಜೆಟ್‌ಗೆ ತಂತಿ ಚುಚ್ಚಲೇಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಜಾಸ್ತಿ ಹೋಗಿ ಪ್ಲಗ್ ಕಪ್ಪಾಗುತ್ತದೆ. ಬೆಳಕಿಗೆ ಹಿಡಿದು ನೋಡಿ, ತೂತು ಪೂರ್ತಿ ದುಂಡಗೆ ಕಾಣಬೇಕು. ಕಾಣದಿದ್ದರೆ ಮತ್ತೆ ನೆನೆಸಿ, ಇಲ್ಲವೇ ಹೊಸದು ಹಾಕಿ. ನೀಡಲ್ ಕೂರುವ ಜಾಗದಲ್ಲಿ ಗುಳಿ ಬಿದ್ದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಪೆಟ್ರೋಲ್ ಸೋರಿಯೇ ಸೋರುತ್ತದೆ.

ನೀರು ಒಂದು ಹನಿಯೂ ಉಳಿಯಬಾರದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಆಗುತ್ತದೆ, ಆದರೆ ಮೊದಲು ಅದರ ಟ್ಯಾಂಕಿನ ನೀರು ಬಿಡಿಸಿ. ಕಣ್ಣಿಗೆ ಕನ್ನಡಕ ಇರಲಿ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುವುದು ಈಗ, ರಬ್ಬರ್ ಭಾಗ ದೂರವಿಟ್ಟು. ಹೆಸರಿಲ್ಲದ ಅಗ್ಗದ ಡಬ್ಬಿಗೆ ದುಡ್ಡು ಹಾಕಬೇಡಿ.

ಸೋರದಂತೆ ಭಾಗಗಳ ನಡುವೆ ಕೂರುವ ಗ್ಯಾಸ್ಕೆಟ್ ಹೊಸದೇ ಹಾಕಿ ಜೋಡಿಸಿ. ಹಳೇ ಪೆಟ್ರೋಲ್ ಬಸಿದು ಟ್ಯಾಂಕ್, ಪೈಪ್, ಫಿಲ್ಟರ್ ಕೂಡ ಶುಚಿ ಮಾಡಿ. ಇದನ್ನು ಬಿಟ್ಟವರು ಮರುದಿನವೇ ಮತ್ತೆ ಸ್ಪ್ಯಾನರ್ ಹಿಡಿಯುತ್ತಾರೆ. ಎಂಜಿನ್ ಚಾಲೂ ಮಾಡುವಾಗ ಅದರ ಕಾಲು, ಅಂದರೆ ಪ್ರೊಪೆಲರ್ ಇರುವ ಕೆಳಭಾಗ, ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿರಲಿ. ಸುಮ್ನೆ ಒಣಗಿದ್ದಲ್ಲೇ ಓಡಿಸಿದರೆ ವಾಟರ್ ಪಂಪಿನ ರಬ್ಬರ್ ರೆಕ್ಕೆ ಸುಟ್ಟುಹೋಗುತ್ತದೆ.